ಎರಡು ಚೌಕಗಳ ನಡುವಿನ ಓಣಿ

ಮೂರು ವರ್ಷಗಳ ಹಿಂದೆ ಏಳನೆಯ ತರಗತಿಯ ನಾಲ್ಕು ಮಕ್ಕಳ ಗುಂಪೊಂದಕ್ಕೆ ಮೊದಲ ಸಲ ಒಂದು ಗ್ರಾಫಿಕ್ ಕಾದಂಬರಿಯನ್ನು ಕೊಟ್ಟು, ಎರಡು ಪೀರಿಯಡ್ ಕಾಲವಾದರೂ ಅವರು ಅದರಲ್ಲಿ ಮುಳುಗಿರುತ್ತಾರೆ ಎಂಬ ಭರವಸೆಯಲ್ಲಿ ಉಳಿದವರ ನೋಟ್ಸ್ ತಿದ್ದಲು ಕುಳಿತೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ‘ಮುಗೀತು ಮಿಸ್’ ಎನ್ನುತ್ತಾ ಪುಸ್ತಕವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಅದು 128 ಪುಟಗಳ ಪುಸ್ತಕ. ಅದರಲ್ಲಿ ಒಂದು ಮಾತೂ ಇಲ್ಲ, ಇರುವುದೆಲ್ಲ ಚಿತ್ರ. ಓದಲು ಏನೂ ಇಲ್ಲವೆಂದು ಅವರು ಪುಟ ಮಗುಚಿದ್ದರು, ಅಷ್ಟೆ. ಈ ಕಥೆಯ ಆಶಯವೇನು ಎಂದು ಕೇಳಿದೆ. ಯಾರೂ ತಡವರಿಸಲಿಲ್ಲ. ‘ಕಷ್ಟಪಟ್ಟರೆ ಸುಖ ಸಿಗುತ್ತದೆ’ ಎಂದು ಒಬ್ಬ ಹೇಳಿದರೆ, ‘ತಾಳಿದವನು ಬಾಳಿಯಾನು’ ಎಂದಳು ಇನ್ನೊಬ್ಬಳು. ಪುಸ್ತಕವನ್ನು ತೆರೆಯದೆಯೇ ಕೊಡಬಹುದಾಗಿದ್ದ ಉತ್ತರಗಳು ಅವು.

ಮಕ್ಕಳ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಕಥೆ ಎಂದರೆ ಕೊನೆಯಲ್ಲಿ ಒಂದು ನೀತಿ ಇರಲೇಬೇಕು ಎಂಬುದನ್ನು ನಾವು ಒಂದನೆಯ ತರಗತಿಯಿಂದಲೇ ಅವರ ತಲೆಗೆ ತುಂಬಿದ್ದೇವೆ. ಮೇಲಿನ ತರಗತಿಗೆ ಬಂದರೆ ಪಾಠ ಶುರುವಾಗುವ ಮೊದಲೇ ಅದರ ಆಶಯವನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡುವ ರೂಢಿಯೂ ಇದೆ. ಆಮೇಲೆ ಮಗು ಅದನ್ನು ಹುಡುಕುವುದೆಲ್ಲಿಂದ ಬಂತು? ನಾನೂ ಹಾಗೆಯೇ ಕಲಿತವಳು ಮತ್ತು ಹಲವು ವರ್ಷ ಹಾಗೆಯೇ ಕಲಿಸಿದವಳು. ತರೀಕೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಹೇಳಿಕೊಡುವ ನಾನು, ವಸ್ತು, ನೀತಿ, ಆಶಯ ಈ ಮೂರೂ ಬೇರೆ ಬೇರೆ ಎಂಬುದನ್ನು ಮಕ್ಕಳಿಗೆ ವಿವರಿಸುವ ಮೊದಲು ನನಗೇ ಬಿಡಿಸಿಕೊಳ್ಳಬೇಕಾಯಿತು. ನೀರು ಒಂದು ವಸ್ತು. ನೀರನ್ನು ವ್ಯರ್ಥ ಮಾಡಬಾರದು ಎಂಬುದು ನೀತಿ. ಯಾರ ಕೈಯಿಂದ ಸುರಿದರೆ ಮಾತ್ರ ಒಬ್ಬನಿಗೆ ನೀರು ಸಿಗುತ್ತದೆ ಎಂಬುದನ್ನು ನೋಡಿದರೆ ಆ ಊರು ಎಂಥದೆಂದು ತಿಳಿಯುತ್ತದೆ ಎನ್ನುವುದು ಆಶಯ. ನೀತಿಯನ್ನು ಕಥೆಯಿಂದ ಕಿತ್ತು ಗೋಡೆಯ ಮೇಲೆ ಬರೆಯಬಹುದು, ಆದರೆ ಆಶಯ ಆ ಕಥೆಯ ಪುಟಗಳನ್ನು ಬಿಟ್ಟು ಹೊರಗೆ ಬರುವುದಿಲ್ಲ.

ಗ್ರಾಫಿಕ್ ಕಾದಂಬರಿ ಈ ಕೆಲಸಕ್ಕೆ ಒದಗುವುದು ಇದೇ ಕಾರಣಕ್ಕೆ. ಗದ್ಯ ಪಾಠದಲ್ಲಿ ಮಗು ಆಶಯದ ಬಗ್ಗೆ ಏನಾದರೂ ಹೇಳಿದರೆ ‘ಎಲ್ಲಿದೆ ತೋರಿಸು’ ಎಂದು ಕೇಳಲು ನನಗೇ ಸಂಕೋಚ, ಏಕೆಂದರೆ ಅದು ಹತ್ತು ಸಾಲುಗಳಲ್ಲಿ ಹರಡಿಕೊಂಡಿರುತ್ತದೆ, ಮೇಲಾಗಿ ಅರ್ಧದಷ್ಟು ಮಕ್ಕಳಿಗೆ ಆ ಇಂಗ್ಲಿಷ್ ಸಾಲುಗಳೇ ದಾಟಲಾಗದ ಬೇಲಿ. ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. ಬೆರಳಿಟ್ಟು ತೋರಿಸಿದ್ದನ್ನು ಪಕ್ಕದವನು ಅಲ್ಲಗಳೆಯಲೂಬಹುದು.

‘ಕಾಮಿಕ್ಸ್ ಓದಿಸೋಕೆ ಶಾಲೆ ಯಾಕೆ ಬೇಕು ಮೇಡಂ, ಅದನ್ನ ಮನೇಲೇ ಓದ್ತಾವೆ’ ಎಂದು ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ನಮ್ಮ ಪೀಳಿಗೆ ಬಾಲಮಂಗಳದ ಡಿಂಗನನ್ನು ಯಾವ ಶಾಲೆಯ ಹಂಗೂ ಇಲ್ಲದೆ ಓದಿ ಬೆಳೆಯಿತು. ಅಮರ ಚಿತ್ರಕಥೆಯಂತೂ ಕನ್ನಡದ ನೆಲದಲ್ಲಿಯೇ ಕಣ್ಣುಬಿಟ್ಟದ್ದು. ಅದರ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಮಕ್ಕಳ ಕಥೆಗಳು. ಇಂಗ್ಲಿಷಿನ ಸರಣಿ ‘ಕೃಷ್ಣ’ದಿಂದ ಆರಂಭವಾದಾಗ ಅದಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಅದರಿಂದಲೇ. ಆ ಸರಣಿಯನ್ನು ಮನೆಮಾತಾಗಿಸಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ಆದರೆ ಆ ಪುಸ್ತಕಗಳನ್ನು ನಾನು ಈ ಪಾಠಕ್ಕೆ ಬಳಸುವುದಿಲ್ಲ. ಅಲ್ಲಿ ಹೆಚ್ಚಿನ ಚೌಕಗಳ, ಅಂದರೆ ಒಂದೊಂದು ಚಿತ್ರವಿರುವ ಪೆಟ್ಟಿಗೆಗಳ, ತಲೆಯ ಮೇಲೆ ವಿವರಣೆಯ ಒಂದು ಪಟ್ಟಿ ಇದ್ದು, ಚಿತ್ರ ಹೇಳಬಹುದಾದದ್ದನ್ನು ಅಕ್ಷರವೇ ಮೊದಲು ಹೇಳಿ ಮುಗಿಸುತ್ತದೆ. ಓದುಗನಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಕೆಲಸ ಉಳಿಸುವ ಪುಸ್ತಕಗಳು. ಆ ಪೋಷಕರಿಗೆ ಇಷ್ಟನ್ನೆಲ್ಲ ವಿವರಿಸದೆ, ಒಂದು ಪುಟವನ್ನು ಕೈಗೆ ಕೊಟ್ಟು ಇದರಲ್ಲಿ ಏನಾಗುತ್ತಿದೆ ಹೇಳಿ ಎಂದೆ. ಅವರು ಸುಮಾರು ಹೊತ್ತು ನೋಡುತ್ತಾ ನಿಂತರು.

ಆ ಪುಟ, ಹದಿನೈದು ನಿಮಿಷದಲ್ಲಿ ಮುಗಿದುಹೋಗಿದ್ದ ಅದೇ ಪುಸ್ತಕದ್ದು. ಆಸ್ಟ್ರೇಲಿಯಾದ ಶಾನ್ ಟ್ಯಾನ್ 2006ರಲ್ಲಿ ಪ್ರಕಟಿಸಿದ ‘ದಿ ಅರೈವಲ್’ನಲ್ಲಿ ಹೆಂಡತಿ ಮತ್ತು ಮಗಳನ್ನು ಬಿಟ್ಟು ಹಡಗು ಹತ್ತಿ ಹೋಗುವ ಒಬ್ಬ ಮನುಷ್ಯ, ಗುರುತೇ ಸಿಗದ ಪ್ರಾಣಿ, ಹಣ್ಣು, ಗಡಿಯಾರ, ಅಕ್ಷರಗಳಿರುವ ಒಂದು ನಗರಕ್ಕೆ ಬಂದಿಳಿಯುತ್ತಾನೆ. ಅಲ್ಲಿನ ಫಲಕಗಳಲ್ಲಿರುವ ಲಿಪಿ ಲೇಖಕನೇ ಕಲ್ಪಿಸಿದ್ದು, ಹೀಗಾಗಿ ಅದನ್ನು ಕಥೆಯ ನಾಯಕನೂ ಓದಲಾರ, ನಾವೂ ಓದಲಾರೆವು. ನನ್ನ ತರಗತಿಯಲ್ಲಿ ಇಂಗ್ಲಿಷ್ ಬಲ್ಲವರು ಮತ್ತು ಬಾರದವರು ಎಂಬ ಗೆರೆ ಅಳಿಸಿಹೋಗಿ ಎಲ್ಲರೂ ಒಂದೇ ಪ್ರಮಾಣದ ಅನಕ್ಷರಸ್ಥರಾದದ್ದು ಆ ಪುಸ್ತಕದ ಮುಂದೆ ಮಾತ್ರ.

ಎರಡನೆಯ ಸಲ ನಾನು ಇಡೀ ಪುಸ್ತಕವನ್ನು ಕೊಡಲಿಲ್ಲ. ಮೊದಲ ಪುಟವೊಂದನ್ನೇ ಗೋಡೆಯ ಮೇಲೆ ಪ್ರೊಜೆಕ್ಟರ್‌ನಲ್ಲಿ ತೋರಿಸಿ, ಕನ್ನಡ ಪರೀಕ್ಷೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಪ್ರಶ್ನೆಯನ್ನೇ ಕೇಳಿದೆ: ಆಯ್ಕೆ, ಸಂದರ್ಭ, ಸ್ವಾರಸ್ಯ. ‘ಈ ವಾಕ್ಯವನ್ನು’ ಎಂಬುದರ ಜಾಗದಲ್ಲಿ ‘ಈ ಚೌಕವನ್ನು’ ಎಂದು ಬದಲಿಸಿದೆ, ಅಷ್ಟೆ. ಚೌಕವನ್ನು ಯಾವ ಪುಟದಿಂದ ಆರಿಸಿದೆ, ಅದರ ಹಿಂದೆ ಮುಂದೆ ಏನಿದೆ, ಅದನ್ನು ಹೀಗೆಯೇ ಏಕೆ ಬರೆದಿದ್ದಾರೆ? ಹೊಸ ಬೋಧನಾ ವಿಧಾನವೆಂದು ಯಾವ ತರಬೇತಿಯಲ್ಲೋ ಹೇಳಿಕೊಟ್ಟದ್ದಕ್ಕಿಂತ ಈ ಹಳೆಯ ಪ್ರಶ್ನೆ ಚೆನ್ನಾಗಿ ನಡೆಯಿತು. ಸ್ವಾರಸ್ಯ ಎಂಬ ಮಾತಿನ ಮೇಲೆ ನನಗೆ ಗೌರವ ಹುಟ್ಟಿದ್ದೂ ಆಗಲೇ.

ಆ ಮೊದಲ ಪುಟದಲ್ಲಿ ಒಂಬತ್ತು ಚಿಕ್ಕ ಚೌಕಗಳಿವೆ. ಕಾಗದದ ಹಕ್ಕಿ, ಗಡಿಯಾರ, ಗೂಟಕ್ಕೆ ನೇತುಹಾಕಿದ ಟೋಪಿ, ಪಾತ್ರೆ, ಮಗು ಬರೆದ ಚಿತ್ರ, ಟೀ ಪಾತ್ರೆ, ಬಟ್ಟಲು, ಪೆಟ್ಟಿಗೆ, ಮನೆಮಂದಿಯ ಫೋಟೊ. ಕೊನೆಯ ಅಧ್ಯಾಯದ ಆರಂಭದಲ್ಲಿ ಅದೇ ವಿನ್ಯಾಸದ ಇನ್ನೊಂದು ಪುಟವಿದೆ. ವಸ್ತುಗಳು ಹೊಸ ಊರಿನವು, ಜಾಗಗಳು ಮಾತ್ರ ಹಳೆಯವೇ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ತರಗತಿ ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಒಮ್ಮೆಗೇ ಗಲಾಟೆ ಎದ್ದಿತು. ಗಡಿಯಾರದ ಜಾಗದಲ್ಲಿ ಇದೇನು, ಟೋಪಿ ಬದಲಾಗಿದೆ, ಆ ಚಿತ್ರ ಮತ್ತೆ ಬಂದಿದೆ. ಆಶಯವನ್ನು ಗುರುತಿಸುವ ಮೊದಲ ಮೆಟ್ಟಿಲು ಇದು ಎಂದು ನಾನು ನಂಬಿದ್ದೇನೆ. ಯಾವುದು ಮತ್ತೆ ಮತ್ತೆ ಬರುತ್ತದೆ, ಬರುವಾಗ ಅದರಲ್ಲಿ ಏನು ಬದಲಾಗಿರುತ್ತದೆ ಎಂಬುದನ್ನು ಮೊದಲು ಕಾಣಬೇಕು.

ಎರಡು ಚೌಕಗಳ ನಡುವಿನ ಬಿಳಿ ಜಾಗಕ್ಕೆ ನಮ್ಮ ಮಕ್ಕಳು ‘ಓಣಿ’ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಅದಕ್ಕೆ ‘ಗಟರ್’ ಎನ್ನುತ್ತಾರೆ ಎಂದಾಗ ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು. ಅವರಿಟ್ಟ ಹೆಸರೇ ಒಳ್ಳೆಯದು. ಸ್ಕಾಟ್ ಮೆಕ್‌ಕ್ಲೌಡ್ ಎಂಬ ಅಮೆರಿಕದ ಚಿತ್ರಕಾರ 1993ರಲ್ಲಿ, ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಾಮಿಕ್ಸ್ ರೂಪದಲ್ಲಿಯೇ ವಿವರಿಸುವಾಗ, ಕಥೆಯ ಬಹುಪಾಲು ನಡೆಯುವುದು ಆ ಬಿಳಿ ಜಾಗದಲ್ಲಿ, ನಡೆಸುವವನು ಓದುಗ ಎಂದು ತೋರಿಸಿಕೊಟ್ಟರು. ‘ದಿ ಅರೈವಲ್’ನಲ್ಲಿ ಹಡಗಿನ ಪಯಣವನ್ನು ಹೇಳಲು ಎರಡು ಪುಟ ತುಂಬ ಮೋಡಗಳ ಪುಟ್ಟ ಪುಟ್ಟ ಚೌಕಗಳಿವೆ. ಮೊದಲ ಸಲ ಅವುಗಳನ್ನು ಅರ್ಧ ಸೆಕೆಂಡಿನಲ್ಲಿ ದಾಟಿದ್ದ ಹುಡುಗ ಈ ಸಲ ಒಂದೊಂದನ್ನೇ ಎಣಿಸಿ ಅರವತ್ತು ಎಂದ. ‘ಒಂದು ಚೌಕ ಒಂದು ದಿನ ಆದ್ರೆ ಎರಡು ತಿಂಗಳು ಮಿಸ್. ಆ ಎರಡು ತಿಂಗಳು ಅವನಿಗೆ ಮೋಡ ಬಿಟ್ಟು ನೋಡೋಕೆ ಬೇರೆ ಏನೂ ಇರ್ಲಿಲ್ಲ.’ ಆ ಎರಡನೆಯ ವಾಕ್ಯ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅವನು ಅದನ್ನು ಓಣಿಯಿಂದ ತಂದಿದ್ದ.

ಇಷ್ಟಾದ ಮೇಲೆ ಪುಸ್ತಕದ ವಸ್ತು ಏನೆಂದು ಕೇಳಿದೆ. ‘ವಲಸೆ’ ಎಂದು ಹಲವರು ಪಠ್ಯದ ಮಾತನ್ನು ಹೇಳಿದರು. ಯಾದಗಿರಿ ಕಡೆಯಿಂದ ಬಂದು ಕಾಫಿ ತೋಟದ ಲೈನ್ ಮನೆಯಲ್ಲಿರುವ ಕುಟುಂಬದ ಹುಡುಗಿಯೊಬ್ಬಳು ಕೊನೆಯ ಬೆಂಚಿನಿಂದ, ‘ಇದು ಗುಳೇ ಹೋಗೋದು’ ಎಂದಳು. ವರ್ಷಗಟ್ಟಲೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯಿ ತೆರೆಯದಿದ್ದವಳು. ಪುಸ್ತಕದ ಆರಂಭದಲ್ಲಿ ಆ ಮನುಷ್ಯನ ಹಳೆಯ ಊರಿನ ಬೀದಿಗಳ ಮೇಲೆ ಮುಳ್ಳುಮುಳ್ಳಾದ ಬಾಲವೊಂದರ ನೆರಳು ಹರಿದಾಡುತ್ತದೆ, ಅದೇನೆಂದು ಪುಸ್ತಕ ಹೇಳುವುದಿಲ್ಲ. ಯುದ್ಧ ಎಂದರು ಕೆಲವರು, ರಾಕ್ಷಸ ಎಂದರು ಕೆಲವರು. ಅವಳು ಮಾತ್ರ ‘ಸಾಲ’ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ‘ಮನಿ ಮ್ಯಾಲೆ ಬಿದ್ದದಲ್ರೀ, ಬಾಲ ಅಷ್ಟೇ ಕಾಣ್ತದ, ಮೈ ಕಾಣಂಗಿಲ್ಲ’ ಎಂದಳು. ಇದಕ್ಕಿಂತ ಒಳ್ಳೆಯ ಸ್ವಾರಸ್ಯವನ್ನು ನಾನು ಯಾವ ಉತ್ತರ ಪತ್ರಿಕೆಯಲ್ಲಿಯೂ ಓದಿಲ್ಲ.

ಮುಂದಿನ ವಾರ ಅವಳೇ ಪುಸ್ತಕದ ವಿರುದ್ಧ ವಾದಿಸಿದಳು. ಹೊಸ ಊರಿಗೆ ಬಂದ ನಾಯಕನಿಗೆ ದಾರಿಯಲ್ಲಿ ಸಿಕ್ಕವರೆಲ್ಲ ತಮ್ಮ ಕಥೆ ಹೇಳುತ್ತಾರೆ, ಒಂದು ಮನೆಯವರು ಊಟಕ್ಕೆ ಕರೆಯುತ್ತಾರೆ. ‘ನಮ್ಮನ್ನ ಯಾರೂ ಊಟಕ್ಕ ಕರದಿಲ್ಲ’ ಎಂಬುದು ಅವಳ ತಕರಾರು. ತರಗತಿ ಮತ್ತೆ ಸುಮ್ಮನಾಯಿತು, ಈ ಸಲದ ಮೌನ ಬೇರೆ ಬಗೆಯದು. ಒಂದು ಕೃತಿಯ ಆಶಯವನ್ನು ಅರಿಯುವುದು ಎಂದರೆ ಅದನ್ನು ಒಪ್ಪಿಕೊಳ್ಳುವುದಲ್ಲ ಎಂದು ಪಾಠ ಮಾಡಲು ನನ್ನ ಹತ್ತಿರ ಮಾತು ಸಿದ್ಧವಿತ್ತು. ಹೇಳಲಿಲ್ಲ. ಕಪ್ಪು ಹಲಗೆಯ ಮೇಲೆ ಎರಡು ವಾಕ್ಯ ಬರೆದೆ. ಹೊಸಬನನ್ನು ಹಳೆಯ ಹೊಸಬರೇ ಕೈಹಿಡಿಯುತ್ತಾರೆ ಎಂದು ಈ ಪುಸ್ತಕ ಹೇಳುತ್ತದೆ. ನಮ್ಮ ಊರಿನಲ್ಲಿ ಹಾಗಾಗಲಿಲ್ಲ ಎಂದು ನಮ್ಮ ತರಗತಿಯ ಒಬ್ಬರು ಹೇಳುತ್ತಾರೆ. ಎರಡನ್ನೂ ನೋಟ್ಸಿಗೆ ಇಳಿಸಿಕೊಂಡರು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಆಶಯವನ್ನು ಒಂದೇ ಪದದಲ್ಲಿ ಹೇಳುವಂತಿಲ್ಲ, ಕ್ರಿಯಾಪದವಿರುವ ಪೂರ್ಣ ವಾಕ್ಯವೇ ಆಗಬೇಕು. ‘ಸ್ನೇಹ’ ಎಂದರೆ ಸಾಲದು, ಸ್ನೇಹ ಏನು ಮಾಡುತ್ತದೆ ಎಂದು ಹೇಳಬೇಕು. ಅದಕ್ಕೆ ಒಂದಕ್ಕೊಂದು ದೂರವಿರುವ ಎರಡು ಪುಟಗಳನ್ನಾದರೂ ಸಾಕ್ಷಿಯಾಗಿ ತೋರಿಸಬೇಕು. ‘ಬೇಕು’, ‘ಬಾರದು’ ಎಂದು ವಾಕ್ಯ ಮುಗಿದರೆ ಅದು ನೀತಿ, ವಾಪಸ್ ಕೊಡುತ್ತೇನೆ.

ಚೌಕಗಳ ಕ್ರಮವನ್ನು ಕಲಿಸಲು ನಮಗೆ ಹತ್ತಿರದಲ್ಲಿಯೇ ಇನ್ನೊಂದು ಪುಸ್ತಕವಿದೆ. ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತಾಪುರದ ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯಲ್ಲಿ ರಾಮಾಯಣದ ಎಪ್ಪತ್ತು ಉಬ್ಬುಶಿಲ್ಪಗಳು ಸಾಲಾಗಿವೆ. ಅವು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುವುದಿಲ್ಲ, ಅಪ್ರದಕ್ಷಿಣವಾಗಿ ಸಾಗುತ್ತವೆ. ಇದನ್ನು ಮೊದಲೇ ಹೇಳದೆ ಮಕ್ಕಳನ್ನು ಬಿಟ್ಟೆ. ಅವರು ದೇವಸ್ಥಾನದ ರೂಢಿಯಂತೆ ಬಲಗಡೆಗೆ ಸುತ್ತುತ್ತಾ ಕಥೆ ಹೇಳಿಕೊಂಡು ಹೋದರೆ ಕಥೆ ಹಿಂದಕ್ಕೆ ಹೋಗುತ್ತಿತ್ತು. ಎಲ್ಲೋ ಎಡವಟ್ಟಾಗಿದೆ ಎಂದು ಗೊತ್ತಾಗಿ ಮರಳಿ ಬಂದು ತಿರುಗಿ ಓದಿದ ಮೇಲೆ, ಇದನ್ನು ಉಲ್ಟಾ ಓದಿದರೆ ರಾಮಾಯಣದ ಅರ್ಥವೇ ಬೇರೆಯಾಗುತ್ತದಲ್ಲ ಎಂದು ಅವರಲ್ಲೇ ಚರ್ಚೆ ಎದ್ದಿತು. ಬಸ್ ಹೊರಡುವ ಹೊತ್ತಾದ್ದರಿಂದ ಅದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಆರನೆಯ ತರಗತಿಗೆ ಸೀಸೀ ಬೆಲ್ ಅವರ ‘ಎಲ್ ಡೆಫೋ’ ಸಾಕು. 2014ರಲ್ಲಿ ಬಂದ ಈ ಆತ್ಮಕಥೆಯಲ್ಲಿ ಎಲ್ಲರೂ ಮೊಲಗಳು. ನಾಲ್ಕನೆಯ ವಯಸ್ಸಿನಲ್ಲಿ ಮಿದುಳಿನ ಜ್ವರದಿಂದ ಕಿವಿ ಕಳೆದುಕೊಂಡ ಹುಡುಗಿಗೆ ಏನೂ ಕೇಳಿಸದಿದ್ದಾಗ ಎದುರಿನವರ ಮಾತಿನ ಗುಳ್ಳೆ ಖಾಲಿ ಇರುತ್ತದೆ, ಶ್ರವಣ ಯಂತ್ರದ ಬ್ಯಾಟರಿ ಇಳಿಯುತ್ತಿದ್ದಾಗ ಅಕ್ಷರಗಳು ಮಸುಕಾಗುತ್ತವೆ. ಖಾಲಿ ಗುಳ್ಳೆಗಳನ್ನು ಮೊದಲು ಮುದ್ರಣದೋಷ ಎಂದುಕೊಂಡ ಮಕ್ಕಳು ಹತ್ತು ಪುಟ ಕಳೆಯುವಷ್ಟರಲ್ಲಿ ತಾವೇ ಅದರ ಗುಟ್ಟನ್ನು ಕಂಡುಕೊಂಡರು. ಆ ಪುಸ್ತಕದ ಬಗ್ಗೆ ಹೆಚ್ಚು ಕಲಿಸಬೇಕಾದದ್ದೇ ಇಲ್ಲ.

ಕಲಿಸಲು ನನಗೆ ಅಂಜಿಕೆಯಾದದ್ದು ಎಂಟನೆಯ ತರಗತಿಗೆ ಆರಿಸಿಕೊಂಡ ‘ಭೀಮಾಯಣ’. ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿ, ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಬರೆದ, ನವಯಾನ ಪ್ರಕಾಶನ 2011ರಲ್ಲಿ ಹೊರತಂದ ಈ ಪುಸ್ತಕ ಡಾ. ಅಂಬೇಡ್ಕರ್ ಅವರ ಜೀವನದಲ್ಲಿನ ಅಸ್ಪೃಶ್ಯತೆಯ ಅನುಭವಗಳನ್ನು ಹೇಳುತ್ತದೆ. ನಾನು ತೆಗೆದುಕೊಂಡದ್ದು ನೀರಿನ ಭಾಗವನ್ನು ಮಾತ್ರ. ಶಾಲೆಯಲ್ಲಿ ಜವಾನ ಬಂದು ಸುರಿದರೆ ಮಾತ್ರ ನೀರು, ಜವಾನ ಇಲ್ಲದಿದ್ದರೆ ನೀರೂ ಇಲ್ಲ. 1901ರಲ್ಲಿ ತಂದೆಯನ್ನು ಕಾಣಲು ಗೋರೆಗಾಂವ್‌ಗೆ ಹೊರಟ ಮಕ್ಕಳ ಜಾತಿ ತಿಳಿದ ಕೂಡಲೇ ಹಿಂದೆ ಸರಿಯುವ ಸ್ಟೇಷನ್ ಮಾಸ್ತರ, ದುಪ್ಪಟ್ಟು ಬಾಡಿಗೆ ಕೊಟ್ಟರೂ ಅವರೊಂದಿಗೆ ಗಾಡಿಯಲ್ಲಿ ಕೂರಲೊಪ್ಪದ ಗಾಡಿಯವನು, ಕೈಯಲ್ಲಿ ಬುತ್ತಿ ಇದ್ದೂ ಕುಡಿಯಲು ನೀರಿಲ್ಲದೆ ಹಸಿದು ಕಳೆದ ರಾತ್ರಿ. ಓದುವ ಮಕ್ಕಳಿಗಿಂತ ಭೀಮನಿಗೆ ಆಗ ಎರಡು ಮೂರು ವರ್ಷ ಕಡಿಮೆ ವಯಸ್ಸು.

ನನ್ನ ಅಂಜಿಕೆ ಪುಸ್ತಕದ್ದಲ್ಲ, ತರಗತಿಯದು. ಜಾತಿಯ ಪಾಠ ಬಂದಾಗ ಎಲ್ಲರ ಕಣ್ಣೂ ಯಾವ ಬೆಂಚಿನತ್ತ ಹೊರಳುತ್ತದೆ ಎಂಬುದು ಪ್ರತಿ ಶಿಕ್ಷಕರಿಗೂ ಗೊತ್ತು. ‘ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ’ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಯಾವ ಮಗುವೂ ಪಾಠದ ಉದಾಹರಣೆಯಾಗಲೆಂದು ಶಾಲೆಗೆ ಬಂದಿರುವುದಿಲ್ಲ. ನಾವು ಚಿತ್ರದ ಹತ್ತಿರವೇ ಉಳಿದೆವು. ಈ ಪುಸ್ತಕದಲ್ಲಿ ಚೌಕಗಳೇ ಇಲ್ಲ. ಪಾತ್ರಗಳನ್ನು ಪೆಟ್ಟಿಗೆಯೊಳಗೆ ತುರುಕಲು ಆ ಕಲಾವಿದರಿಗೆ ಇಷ್ಟವಿರಲಿಲ್ಲ, ತಮ್ಮ ಕಲೆ ‘ಖುಲ್ಲಾ’ ಎಂದು ಅವರು ಹೇಳಿಕೊಂಡಿದ್ದಾರೆ. ರೈಲು ಹಾವಾಗುತ್ತದೆ, ಕೋಟೆ ಮೃಗವಾಗುತ್ತದೆ. ಮಾತಿನ ಗುಳ್ಳೆಗಳಲ್ಲಂತೂ ಎರಡು ಜಾತಿ. ಮೆದುವಾದ ಮಾತಿಗೆ ಹಕ್ಕಿಯ ಆಕಾರ, ಚುಚ್ಚುವ ಮಾತಿಗೆ ಚೇಳಿನ ಕೊಂಡಿಯ ಬಾಲ. ಗುಳ್ಳೆಯೊಳಗಿನ ಅಕ್ಷರಗಳ ಮೇಲೆ ಕಾಗದದ ಚೂರು ಅಂಟಿಸಿ, ಆಕಾರ ನೋಡಿಯೇ ಯಾರು ಯಾರಿಗೆ ಎಂಥ ಮಾತು ಹೇಳಿರಬಹುದು ಎಂದು ಊಹಿಸಲು ಬಿಟ್ಟೆ.

ಆಮೇಲೆ ಮನೆಕೆಲಸ ಕೊಟ್ಟೆ. ಊರಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕಿವಿಗೆ ಬಿದ್ದ ಐದು ವಾಕ್ಯಗಳನ್ನು ಬರೆದುಕೊಂಡು ಬಂದು, ಯಾವುದಕ್ಕೆ ಹಕ್ಕಿ, ಯಾವುದಕ್ಕೆ ಚೇಳು ಎಂದು ನಿರ್ಧರಿಸಿ ಗುಳ್ಳೆ ಬರೆಯಬೇಕು. ಬೈಗುಳಗಳೆಲ್ಲ ಚೇಳಿನ ಪಾಲಾದವು, ಅದರಲ್ಲಿ ವಿಶೇಷವಿರಲಿಲ್ಲ. ಜಗಳ ಹತ್ತಿದ್ದು ‘ನೀವು ಯಾವ ಪೈಕಿ?’ ಎಂಬ ವಾಕ್ಯದ ಮೇಲೆ. ಇದನ್ನು ಮೂವರು ಬರೆದುಕೊಂಡು ಬಂದಿದ್ದರು. ಅಜ್ಜಿ ಎಲ್ಲರನ್ನೂ ಹಾಗೇ ಕೇಳುತ್ತಾರೆ, ಕಾಫಿ ಕೊಡುತ್ತಲೇ ಕೇಳುತ್ತಾರೆ, ಆದ್ದರಿಂದ ಹಕ್ಕಿ ಎಂದ ಒಬ್ಬ. ಉತ್ತರ ಹೇಳಿದ ಮೇಲೆ ಕಾಫಿ ಯಾವ ಲೋಟದಲ್ಲಿ ಬರುತ್ತದೆ ನೋಡು ಎಂದ ಇನ್ನೊಬ್ಬ. ನಾನು ನಡುವೆ ಬಾಯಿ ಹಾಕಲಿಲ್ಲ. ಒಬ್ಬ ಹುಡುಗಿ ಸುಮ್ಮನೆ ಎದ್ದು ಹೋಗಿ ಹಲಗೆಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯೊಂದನ್ನು ಬರೆದು, ಪುಕ್ಕ ಇರಬೇಕಾದಲ್ಲಿ ಚೇಳಿನ ಕೊಂಡಿ ಬರೆದಳು. ಪುಸ್ತಕದಲ್ಲಿ ಇಲ್ಲದ ಮೂರನೆಯ ಗುಳ್ಳೆ ಅದು. ಆ ದಿನ ಮಕ್ಕಳು ಬರೆದ ಆಶಯ ವಾಕ್ಯಗಳಲ್ಲಿ ಒಂದು ಹೀಗಿತ್ತು: ‘ಮೆತ್ತಗೆ ಕೇಳಿದ ಪ್ರಶ್ನೆಗೂ ಕೊಂಡಿ ಇರುತ್ತದೆ, ಕೇಳಿದವರಿಗೆ ಅದು ಕಾಣುವುದಿಲ್ಲ.’ ಎರಡು ಪುಟಗಳ ಸಾಕ್ಷಿ ಕೊಡಬೇಕೆಂಬ ನಿಯಮ ಮುರಿದಿದ್ದರೂ ಒಪ್ಪಿಕೊಂಡೆ.

ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು. ‘ನಂಗೆ ಡ್ರಾಯಿಂಗ್ ಬರಲ್ಲ ಮಿಸ್’ ಎನ್ನುವವರಿಗೆ ಕಡ್ಡಿ ಗೊಂಬೆ ಸಾಕು, ಚಿತ್ರದ ಚೆಂದಕ್ಕೆ ಅಂಕವಿಲ್ಲ. ಅಂಕ ಇರುವುದು ಯಾವುದನ್ನು ಚೌಕದೊಳಗೆ ಇಟ್ಟೆ, ಯಾವುದನ್ನು ಓಣಿಗೆ ಬಿಟ್ಟೆ ಎಂಬುದಕ್ಕೆ. ಹಲವು ಪುಟಗಳು ಕ್ರಿಕೆಟ್ ಪಂದ್ಯದ ಕೊನೆಯ ಓವರ್ ಆಗಿದ್ದವು, ಎರಡರಲ್ಲಿ ಭೂತ ಬಂದಿತ್ತು, ಒಬ್ಬ ‘ನೀರು ಉಳಿಸಿ’ ಎಂಬ ಜಾಹೀರಾತನ್ನೇ ಬರೆದಿದ್ದ. ನೀತಿ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ.

ಯಾದಗಿರಿಯ ಹುಡುಗಿ ಕಾಗದದ ಎರಡೂ ಮಗ್ಗುಲಿಗೆ ಒಂಬತ್ತೊಂಬತ್ತು ಚೌಕ ಹಾಕಿದ್ದಳು. ಒಂದು ಕಡೆ ಊರಿನ ಮನೆಯ ವಸ್ತುಗಳು, ಇನ್ನೊಂದು ಕಡೆ ಲೈನ್ ಮನೆಯವು. ಬಾಗಿಲು ಬೇರೆ, ಕೊಡ ಬೇರೆ, ಬೇವಿನ ಮರದ ಜಾಗದಲ್ಲಿ ಸಿಲ್ವರ್ ಓಕ್ ಮರ, ಎತ್ತಿನ ಜಾಗದಲ್ಲಿ ತೋಟದ ಜೀಪು. ನಡುವಿನ ಚೌಕದಲ್ಲಿ ಮಾತ್ರ ಎರಡೂ ಕಡೆ ಅದೇ ರೊಟ್ಟಿಯ ಹಂಚು, ಅಂಚಿನಲ್ಲಿ ಅದೇ ಸೀಳು. ಬದಲಿಸಲು ಮರೆತಿದ್ದಾಳೆ ಎಂದು ಪಕ್ಕದವಳು ತಿದ್ದಲು ಹೋದಳು. ‘ಮರ್ತಿಲ್ಲ, ಅವ್ವ ಅದನ್ನ ತಲಿ ಮ್ಯಾಲೆ ಹೊತ್ಕೊಂಡು ಬಂದಾಳ’ ಎಂದು ಅವಳು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.